ಶನಿವಾರ ತಿರುಗಿ ಬರುವ ಹಡಗು

"ಕೂತ್ಕೊಳ್ಳಿ ಸರ್."

"ಪರವಾಗಿಲ್ಲ, ನಿಂತೇ ಇರ್ತೀನಿ."

"ಕುರ್ಚಿಗೇನೂ ಬಾಡಿಗೆ ಇಲ್ಲ ಸರ್!"

ಅವನು ನಕ್ಕ. ಆದರೂ ಕೂರಲಿಲ್ಲ. ಆ ನಗು ಮಾತ್ರ ಸೀದಾ ಹೋಗಿ ಅವಳ ಎದೆಯೊಳಗೆ ಕೂತುಬಿಟ್ಟಿತು!

ಹಡಗು ಪ್ರಯಾಣದ ಟಿಕೆಟ್ ಮಾರುವ ಆ ಪುಟ್ಟ ಆಫೀಸಿನಲ್ಲಿ ಅವಳ ಕೆಲಸ ಒಂದೇ. ಬಂದವರಿಗೆ ಯಾವ ದರ್ಜೆಯ ಹಡಗು ಒಗ್ಗುತ್ತದೆ ಎಂದು ಹೇಳುವುದು. ಅದಕ್ಕೆ ಯಜಮಾನರದ್ದೊಂದು ಕಟ್ಟಪ್ಪಣೆ ಇತ್ತು. "ಗಿರಾಕಿ ಏನು ಕೆಲಸ ಮಾಡ್ತಾನೆ ಅಂತ ಕೇಳ್ಬೇಡ, ಜೇಬು ಎಷ್ಟು ದಪ್ಪ ಅಂತಾನೂ ಕೇಳ್ಬೇಡ. ಸ್ವಭಾವ ಕೇಳಮ್ಮ, ಸ್ವಭಾವ!"

ಅವನ ಕೆಲಸ ಏನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ನೋಡಿ.

"ಮೂರು ಥರ ಇದೆ ಸರ್. ಸಾಧಾರಣ ಹಡಗಲ್ಲಿ ಬೆಂಕಿಪೊಟ್ಟಣದಂಥ ರೂಮು, ಊಟಕ್ಕೂ ಕ್ಯೂ, ಮಕ್ಕಳ ಗಲಾಟೆ. ಆದ್ರೆ ಜನ ಅಂದ್ರೆ ಇಷ್ಟಪಡೋರಿಗೆ ಅದೇ ಸ್ವರ್ಗ. ಪ್ರತಿ ಶನಿವಾರ ವಾಪಸ್ ಬರುತ್ತೆ. ಮಧ್ಯಮದ್ದರಲ್ಲಿ ಕಿಟಕಿ ಇರುತ್ತೆ, ಆರಾಮಾಗಿ ಕೂತು ಉಣ್ಣಬಹುದು, ವಯಸ್ಸಾದೋರಿಗೆ ಸರಿ. ಇನ್ನು ಐಷಾರಾಮಿದು... ದಿಂಬು ಕೂಡ ನಿಮಗೆ ಬೇಕಾದಷ್ಟೇ ಮೆತ್ತಗೆ! ಜನ ಕಮ್ಮಿ, ಮೌನ ಜಾಸ್ತಿ. ಆದ್ರೆ ಲೋಕ ಸುತ್ತಿ ಬರೋಕೆ ವರ್ಷದ ಮೇಲಾಗುತ್ತೆ."

"ಯೋಚನೆ ಮಾಡಿ ಬರ್ತೀನಿ," ಎಂದು ಹೋದವನು ಮತ್ತೆ ಬಂದ. ಮತ್ತೆ ಮತ್ತೆ ಬಂದ! ಒಮ್ಮೆ ದಿಂಬಿನ ವಿಷಯ, ಒಮ್ಮೆ ಕ್ಯೂ ವಿಷಯ. ಬಂದಾಗಲೆಲ್ಲ ಎತ್ತರದ ಕೌಂಟರಿನ ಆಚೆ ನಿಂತೇ ಮಾತು.

"ಹಡಗನ್ನೇ ಕೊಳ್ಳೋಕೆ ಬಂದವನೂ ಇಷ್ಟು ಸಲ ಬರಲ್ಲ ಕಣಮ್ಮ!" ಎಂದು ಯಜಮಾನರು ಕಿಚಾಯಿಸುತ್ತಿದ್ದರು. ಅವಳ ಕೆನ್ನೆ ಕೆಂಪಾಗುತ್ತಿತ್ತು.

'ಅವರೆಲ್ಲಿ, ನಾನೆಲ್ಲಿ... ಆಫೀಸಿನ ಕುರ್ಚಿಯಲ್ಲೂ ಕೂರದಷ್ಟು ದೊಡ್ಡ ಮನುಷ್ಯ. ಸುಮ್ಮನೆ ಆಸೆ ಕಟ್ಕೋಬೇಡ!' ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಕೊನೆಯ ಸಲ ಬಂದಾಗ ಅವನು ನೇರವಾಗಿ ಕೇಳಿಬಿಟ್ಟ.

"ನೀವೇ ಹೇಳಿ. ಮೂರರಲ್ಲಿ ನನಗೆ ಯಾವುದು? ನೀವು ಹೇಳಿದ್ದನ್ನೇ ಹತ್ತೀನಿ."

"ನಿಮಗೆ ಜನ ಬೇಕಾ, ಮೌನ ಬೇಕಾ?"

"ಜನ ಬೇಕು. ಗಲಾಟೆ ಇದ್ರೇನೇ ನಂಗೆ ನಿದ್ದೆ."

ಅವಳು ಕಲಿತ ಲೆಕ್ಕದ ಪ್ರಕಾರ ಸಾಧಾರಣ ಹಡಗು ಎನ್ನಬೇಕಿತ್ತು. ಆದರೆ ಇಷ್ಟು ಪ್ರೀತಿಸಿದ ಜೀವವನ್ನು ಬೆಂಕಿಪೊಟ್ಟಣದೊಳಗೆ ತುರುಕುವುದೇ? ತನಗಂತೂ ಸಿಗುವವನಲ್ಲ, ಹೋದಲ್ಲಾದರೂ ಸುಖವಾಗಿರಲಿ...

"ಐಷಾರಾಮಿದೇ ಹತ್ತಿ."

"ಅದು... ವರ್ಷಗಟ್ಟಲೆ ಬರಲ್ಲ ಅಂದಿದ್ರಿ."

"ಹೌದು. ನಿಮಗೆ ಅದೇ ಸರಿ."

ಅವನ ಮುಖ ಸಪ್ಪಗಾಯಿತು. "ಆಯ್ತು," ಎಂದವನು ಟಿಕೆಟ್ ಕೊಳ್ಳದೆ ಹೊರಟುಹೋದ. ಮತ್ತೆ ಬರಲೇ ಇಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಅವಳು ಕತ್ತೆತ್ತಿ ನೋಡಿ ನೋಡಿ ಸೋತಳು.

ಒಂದು ಶನಿವಾರ ಮಧ್ಯಾಹ್ನ. ಅರ್ಧ ದಿನದ ಕೆಲಸ ಮುಗಿಸಿ ಬಂದವಳ ತಟ್ಟೆಗೆ ಅತ್ತಿಗೆ ಬ್ರೆಡ್ಡು ಹಾಕಿದಳು.

"ತಿನ್ನು, ಇಷ್ಟು ಮೆತ್ತನೆ ಬ್ರೆಡ್ಡು ಇನ್ನು ಸಿಗಲ್ಲ. ಬೇಕರಿಯಲ್ಲಿ ಒಳಗೆ ಒಲೆ ಮುಂದೆ ಇರ್ತಾನಲ್ಲ ಆ ಹುಡುಗ, ಇವತ್ತು ದೊಡ್ಡ ಹಡಗಿನ ಅಡುಗೆಮನೆ ಸೇರ್ತಿದ್ದಾನೆ. ಮೂರು ಹಡಗಿನವರೂ ಕರೆದಿದ್ರಂತೆ."

"ಒಳ್ಳೇದಾಯ್ತು ಬಿಡು ಅತ್ತಿಗೆ."

"ಎಲ್ಲಿ ಒಳ್ಳೇದು! ಬೇಕರಿಯವರ ಹೆಂಡತಿ ಅಳ್ತಾ ಹೇಳಿದ್ಳು. ಯಾವುದೋ ಟಿಕೆಟ್ ಆಫೀಸಿನ ಹುಡುಗಿ ಮೇಲೆ ಪ್ರಾಣ ಇಟ್ಕೊಂಡಿದ್ನಂತೆ. ಬೇಗ ವಾಪಸ್ ಬರೋ ಹಡಗು ತೋರಿಸಿದ್ರೆ ತನ್ನ ಮೇಲೆ ಮನಸ್ಸಿದೆ ಅಂತ ಅಂದ್ಕೊಂಡು ಕೇಳಿದ್ರೆ, ಆ ಪುಣ್ಯಾತ್ಗಿತ್ತಿ ಎಲ್ಲಕ್ಕಿಂತ ದೂರ ಹೋಗೋದನ್ನ ತೋರಿಸಿದ್ಳಂತೆ! ಪಾಪ, ಹಿಟ್ಟು ಮೆತ್ತಿದ ಪ್ಯಾಂಟಲ್ಲಿ ಕೂತ್ರೆ ಅವರ ಕಪ್ಪು ಕುರ್ಚಿ ಕೊಳೆಯಾಗುತ್ತೆ ಅಂತ ದಿನಾ ನಿಂತೇ ಮಾತಾಡ್ತಿದ್ನಂತೆ..."

ಅವಳು ತಟ್ಟೆ ಸರಿಸಿ ಎದ್ದುನಿಂತಳು.

"ಅತ್ತಿಗೇ... ಆ ಪುಣ್ಯಾತ್ಗಿತ್ತಿ ನಾನೇ!"

ಮರುಕ್ಷಣ ಅತ್ತಿಗೆ ಸ್ಕೂಟರ್ ಕೀ ಕೈಗೆತ್ತಿಕೊಂಡಿದ್ದಳು. "ಕೂತು ಅಳೋಕೆ ಆಮೇಲೆ ಟೈಮಿದೆ. ಹತ್ತು!"

ದಾರಿಯುದ್ದಕ್ಕೂ ಸಿಗ್ನಲ್ಲು, ಲಾರಿ, ಧೂಳು. 'ಹೋಗ್ಬೇಡಿ... ದಮ್ಮಯ್ಯ, ಹೋಗ್ಬೇಡಿ...' ನನ್ನ ಬಾಯಿಂದಲೇ ಕಳಿಸಿಬಿಟ್ಟೆನಲ್ಲ ಎಂದು ಅವಳು ಹಲುಬುತ್ತಿದ್ದಳು.

ಬಂದರಿನ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. "ಇದು ಕೆಲಸದವರ ದಾರಿ. ಬಿಡಂಗಿಲ್ಲ."

ಕಬ್ಬಿಣದ ಬೇಲಿಯಾಚೆ ಕೆಲಸದವರ ಸಾಲು. ಅದರ ತುದಿಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಅವನು! ಇನ್ನೊಂದು ಗಳಿಗೆ ಕಳೆದರೆ ಮೆಟ್ಟಿಲು ಹತ್ತುತ್ತಿದ್ದ. ಅವಳು ಬೇಲಿ ಹಿಡಿದು ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದಳು. ಬಾಯಿಗೆ ಬಂದದ್ದು ಅದೊಂದೇ ಮಾತು.

"ಕೂತ್ಕೊಳ್ಳಿ ಸರ್!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೊಬ್ಬ ನಗಲಿಲ್ಲ. ತಿರುಗಿ ನೋಡಿದ, ನಿಧಾನವಾಗಿ ಬೇಲಿಯ ಹತ್ತಿರ ಬಂದ.

"ನೀವೇ ಹೇಳಿದ್ರಲ್ಲ, ಇದನ್ನೇ ಹತ್ತಿ ಅಂತ."

"ತಪ್ಪು ಹೇಳ್ದೆ! ಗಿರಾಕಿ ಅಂದ್ಕೊಂಡೆ, ದೊಡ್ಡೋರು ಅಂದ್ಕೊಂಡೆ. ಎಲ್ಲಾದ್ರೂ ಸುಖವಾಗಿರಿ ಅಂತ..." ಅವಳು ಬಿಕ್ಕಿದಳು. "ನಿಮ್ಮನ್ನ ಕಳಿಸಿ ನಾನು ಬದುಕೋದು ಹೇಗೆ? ಆಗಲ್ಲ ನಂಗೆ... ನೀವಂದ್ರೆ ಪ್ರಾಣ ನಂಗೆ!"

ಮೆಟ್ಟಿಲ ಹತ್ತಿರದಿಂದ ಯಾರೋ ಗದರಿದರು. "ಬ್ರೆಡ್ಡಿನವನೇ, ಬರ್ತೀಯೋ ಇಲ್ವೋ? ಮೇಲೆ ಬಂದು ಸಹಿ ಹಾಕು!"

ಅವನು ಅಲುಗಲಿಲ್ಲ. ಕಣ್ಣು ತುಂಬಿತ್ತು.

"ಇನ್ನೊಂದ್ಸಲ ಕೇಳ್ತೀನಿ. ಮೂರರಲ್ಲಿ ನನಗೆ ಯಾವುದು?"

ಅವಳು ಪಕ್ಕದಲ್ಲಿ ನಿಂತಿದ್ದ, ಬಣ್ಣ ಕಿತ್ತುಹೋದ ಸಾಧಾರಣ ಹಡಗಿನತ್ತ ಬೆರಳು ತೋರಿದಳು.

"ಬೆಂಕಿಪೊಟ್ಟಣ?"

"ಹ್ಞೂಂ."

"ಊಟಕ್ಕೂ ಕ್ಯೂ?"

"ಆ ಕ್ಯೂಗೆ ಬ್ರೆಡ್ ಕೊಡೋರು ನೀವೇ ಅಲ್ವಾ!"

"ಶನಿವಾರ ಶನಿವಾರ ಬಂದು ತಲೆ ತಿಂತೀನಿ."

"ಒಂದು ಶನಿವಾರ ತಪ್ಪಿಸಿ ನೋಡಿ, ಗೊತ್ತಾಗುತ್ತೆ!"

ಅವನು ಮೆಟ್ಟಿಲಿನತ್ತ ತಿರುಗಿ ಎರಡೂ ಕೈ ಜೋಡಿಸಿದ. ಕರೆದವರು ಬೈದುಕೊಂಡರು, ಸಾಲು ಮುಂದೆ ಹೋಯಿತು. ಅವನು ಗೇಟು ದಾಟಿ ಹೊರಗೆ ಬಂದ. ಅತ್ತಿಗೆ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವಳಂತೆ ಆ ಕಡೆ ತಿರುಗಿದಳು. ಗೇಟಿನ ಪಕ್ಕ ಒಂದು ಸಿಮೆಂಟು ಬೆಂಚಿತ್ತು. ಸಾಧಾರಣ ಹಡಗು ಹೊರಡುವುದು ಸಂಜೆಗೆ.

ಅವನು ಅಭ್ಯಾಸಬಲದಿಂದ ಪ್ಯಾಂಟು ಕೊಡವಿದ. "ಹಿಟ್ಟಿದೆ..."

"ಇರ್ಲಿ. ಕೂತ್ಕೊಳ್ಳಿ."

"ಸರ್ ಅನ್ನಲ್ವಾ?"

"ಇನ್ಮೇಲೆ ಇಲ್ಲ."

ಅವನು ಕೂತ.