ಕೆಂಪು ಉಂಗುರದ ಡ್ರಿಲ್

ಹನ್ನೆರಡನೇ ತಾರೀಖು, ಶನಿವಾರ, ಬೆಳಿಗ್ಗೆ 9.20. ಹಲ್ಲಿನ ಡಾಕ್ಟರಮ್ಮ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಉಕ್ಕಿನ ಡಬ್ಬಿ ಇಟ್ಟರು. ಮೇಜು ವಾಲಿತು. ಅದರ ಕಾಲಿಗೆ ಮಡಚಿ ಕೊಟ್ಟಿದ್ದ ಹಳೆಯ ಸುತ್ತೋಲೆ ಮತ್ತೆ ಜಾರಿತ್ತು.

"ಕಳ್ಳತನ ಆಗಿದೆ ಸಾರ್. ಒಂದು ಡ್ರಿಲ್, ಎರಡು ಫೈಬರ್ ಪೋಸ್ಟ್."

"ಗೋಡೆ ಕೊರೆಯೋ ಡ್ರಿಲ್ಲಾ?"

"ಹಲ್ಲು ಕೊರೆಯೋದು."

ಇನ್‌ಸ್ಪೆಕ್ಟರ್ ಕೈ ತಾನಾಗಿ ಎಡ ದವಡೆಗೆ ಹೋಯಿತು. ಎರಡು ತಿಂಗಳಿಂದ ಅಲ್ಲೊಂದು ಹಲ್ಲು ಸಿಡಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲಮ್ಮ ನಗು ತಡೆದುಕೊಂಡಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ರೂಟ್ ಕೆನಾಲ್ ಆದ ಹಲ್ಲು ಮೇಲಿಂದ ಮುರಿದಿದ್ದರೆ ಬೇರಿನೊಳಗೆ ಸಣ್ಣ ದಾರಿ ಕೊರೆದು, ಬೆಂಕಿಕಡ್ಡಿಗಿಂತ ಸಪೂರವಾದ ಫೈಬರ್ ಕಡ್ಡಿ, ಅಂದರೆ ಪೋಸ್ಟ್, ಅಂಟಿಸಿ, ಅದರ ಮೇಲೆ ಹೊಸ ಹಲ್ಲು ಕಟ್ಟುತ್ತಾರೆ. ಕಡ್ಡಿ ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಹಾಗಾಗಿ ಒಂದೊಂದು ಅಳತೆಗೂ ಅದರದೇ ಡ್ರಿಲ್: ಕೆಂಪು ಉಂಗುರದ ಕಡ್ಡಿಗೆ ಕೆಂಪು ಉಂಗುರದ ಡ್ರಿಲ್, ನೀಲಿಗೆ ನೀಲಿ.

"ಇವತ್ತು ಮೂರು ಗಂಟೆಗೆ ಕ್ಲಾರಿನೆಟ್ ಟೀಚರ್ ಬರ್ತಾರೆ. ಮುಂದಿನ ಹಲ್ಲೇ ಮುರಿದಿದೆ, ಎಕ್ಸ್‌ರೇ ನೋಡಿದ್ರೆ ಅವರಿಗೆ ಕೆಂಪೇ ಬೇಕು. ನಾಳೆ ಸಂಜೆ ಅವರ ಮೊದಲ ಕಛೇರಿ. ಹಲ್ಲಿಲ್ಲದೆ ಊದೋದು ಹೇಗೆ? ಹೊಸ ಡ್ರಿಲ್ ಬರೋಕೆ ನಾಲ್ಕು ದಿನ ಬೇಕು."

ಇನ್‌ಸ್ಪೆಕ್ಟರ್ ಡಬ್ಬಿ ತೆರೆದರು. "ಎಲ್ಲಾ ಗುಳಿನೂ ತುಂಬಿದೆಯಲ್ಲಮ್ಮ?"

ಡಾಕ್ಟರಮ್ಮ ಒಂದನ್ನು ಎತ್ತಿ ಅಂಗೈಗೆ ಹಾಕಿದರು. ಕರಿ ಮರದ ಡ್ರಿಲ್! ಸುರುಳಿ ಸುರುಳಿಯಾಗಿ ಕೆತ್ತಿ, ಬೆಳ್ಳಿ ಬಣ್ಣ ಬಳಿದು, ಕುತ್ತಿಗೆಗೆ ಕೆಂಪು ಗೆರೆ ಎಳೆದಿತ್ತು. ಬೆಳಿಗ್ಗೆ ಸ್ಟೆರಿಲೈಸರ್‌ನ ಹಬೆಗೆ ಬಣ್ಣ ಇಳಿದು ಗುಟ್ಟು ಹೊರಬಿದ್ದಿತ್ತು.

"ಅಯ್ಯಯ್ಯೋ, ಏನು ಚಂದ ಕೆತ್ತಿದ್ದಾನೆ ಸಾರ್!" ಎಂದಳು ಹೆಡ್ ಕಾನ್‌ಸ್ಟೆಬಲಮ್ಮ.

"ಶಹಬ್ಬಾಸ್‌ಗಿರಿ ಆಮೇಲೆ. ಎಫ್‌ಐಆರ್ ಬರಿ."

10.15ಕ್ಕೆ ಕ್ಲಿನಿಕ್. ಪಕ್ಕದ ಔಷಧಿ ಅಂಗಡಿಯವರನ್ನೂ ಎದುರಿನ ದರ್ಜಿಯನ್ನೂ ಪಂಚರನ್ನಾಗಿ ಕರೆದರು. "ಸಹಿ ಹಾಕ್ತೀನಿ, ಬಾಯಿ ಮಾತ್ರ ತೆಗೆಯಲ್ಲ" ಎಂದು ದರ್ಜಿ ಹೊಸ್ತಿಲಲ್ಲೇ ಷರತ್ತು ಹಾಕಿದ.

ಇನ್‌ಸ್ಪೆಕ್ಟರ್ ರಿಸೆಪ್ಷನ್ ಹುಡುಗಿಯ ಕಡೆ ತಿರುಗಿದರು. "ನಿನ್ನೆ ಎಷ್ಟು ಜನ?"

"ಹನ್ನೊಂದು ಪೇಷಂಟ್."

"ಜೊತೆಗೆ ಬಂದವರು?"

"ಅವರ ಹೆಸರು ಬರ್ಕೊಳ್ಳಲ್ಲ ಸಾರ್. ಆ ಕುರ್ಚಿ ಮೇಲೆ ಕೂತ್ಕೊಳ್ಳಿ, ಈಗ ಭಯವಿಲ್ಲ. ಮೊದಲು ಕೂತವರನ್ನ ಕೆಡವ್ತಿತ್ತು. ಕಾಯೋಕೆ ಬೇಜಾರು ಅಂತ ಒಬ್ಬ ತಾತ ರಿಪೇರಿ ಮಾಡಿದ್ರು."

ಕೂರಲು ಬಗ್ಗಿದ ಇನ್‌ಸ್ಪೆಕ್ಟರ್ ಅರ್ಧಕ್ಕೇ ಎದ್ದರು. ಕುರ್ಚಿ ಬೋರಲು ಹಾಕಿಸಿದರು. ಕಾಲಿನ ಸಂದಿಯಲ್ಲಿ ಹೊಸ ಗೂಟ, ಅದೇ ಕರಿ ಮರದ್ದು.

"ಯಾವ ತಾತ?"

"ಕ್ಲಾರಿನೆಟ್ ಟೀಚರ್ ಮಾವ. ಸೊಸೆ ಬ್ಯಾಗ್ ಹಿಡ್ಕೊಂಡು ಪ್ರತಿ ಸಲ ಒಳಗೂ ಹೋಗ್ತಾರೆ, ನಿನ್ನೆನೂ ಹೋಗಿದ್ರು."

"ಛೆ ಛೆ!" ಎಂದರು ಡಾಕ್ಟರಮ್ಮ. "ಸೊಸೆ ಹಲ್ಲಿಗೆ ಬೇಕಾದ್ದನ್ನ ಮಾವನೇ ಕದೀತಾರಾ?"

10.50ಕ್ಕೆ ಕುರ್ಚಿಯ ಪಂಚನಾಮೆ ಮುಗಿಯಿತು.

11.30. ಮನೆಯ ಹಿಂದಿನ ಕೋಣೆಯಲ್ಲಿ ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಗೋಡೆ ತುಂಬ ಉಳಿ, ಅರ, ಗಡಿಯಾರದ ಚಕ್ರ. ತೊಡೆಯ ಮೇಲೆ ಕ್ಲಾರಿನೆಟ್. ಎದುರಿಗೆ, ಮರದ ಹಿಡಿಗೆ ಸಿಕ್ಕಿಸಿದ್ದ ಕೆಂಪು ಉಂಗುರದ ಡ್ರಿಲ್. ಸಮವಸ್ತ್ರ ಕಂಡರೂ ಅವರು ಏಳಲಿಲ್ಲ.

"ಐದೇ ನಿಮಿಷ ಕೊಡಪ್ಪ. ಅಂಟು ಹಿಡೀಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

"ಕದ್ದದ್ದು ಯಾವಾಗ?"

"ನಿನ್ನೆ ಸಂಜೆ ಐದಕ್ಕೆ. ಡಾಕ್ಟರಮ್ಮ ಫೋನಲ್ಲಿದ್ರು. ಮರದ್ದು ಮೊದಲೇ ಮಾಡಿಟ್ಕೊಂಡಿದ್ದೆ. ಗುಳಿ ಖಾಲಿ ಬಿಟ್ಟು ಬರೋಕೆ ಮನಸ್ಸು ಒಪ್ಪಲಿಲ್ಲ."

"ಯಾಕೆ ಕದ್ದಿರಿ?"

"ಸೊಸೆ ಸ್ಟೂಲಿಂದ ಬಿದ್ದಾಗ ಹಲ್ಲಷ್ಟೇ ಅಲ್ಲ, ಇದೂ ಬಿರುಕು ಬಿಟ್ಟಿತ್ತು. ಹಲ್ಲಿಲ್ಲದ್ದಕ್ಕೆ ಅವಳು ಪೆಟ್ಟಿಗೆ ತೆಗೆದೇ ಇಲ್ಲ, ನಾನು ತೆಗೆದು ನೋಡ್ದೆ. ಬಿರುಕಿಗೆ ಅಡ್ಡ ಎರಡು ಕಡ್ಡಿ ಕೂರಿಸಿದ್ರೆ ಅದು ಬಾಯಿ ಬಿಡಲ್ಲ. ಡಾಕ್ಟರಮ್ಮನ ಕಡ್ಡಿ ನೋಡಿದ ತಕ್ಷಣ ಇದೇ ಅಂತ ಹೊಳೀತು. ನನ್ನ ಡ್ರಿಲ್ಲೆಲ್ಲಾ ನೇರ, ಈ ಕಡ್ಡಿ ತುದಿಗೆ ಸಣ್ಣ. ಜೋಡಿನೇ ಬೇಕಾಯ್ತು."

"ಬಾಯಿ ಬಿಟ್ಟು ಕೇಳಬಹುದಿತ್ತಲ್ಲ?"

"ಪಕ್ಕದಲ್ಲೇ ಸೊಸೆ! ವಾದ್ಯ ಒಡೆದಿದೆ ಅಂತ ಗೊತ್ತಾದ್ರೆ ಕಛೇರಿನೇ ಬೇಡ ಅಂತಿದ್ಲು. ಅವಳ ಹಲ್ಲಿಗೆ ನೀಲಿ ಅಂತ ನನ್ನ ಎದುರಿಗೇ ಹೇಳಿದ್ರು. ಅದಕ್ಕೇ ನೀಲಿ ಮುಟ್ಟಿಲ್ಲ ನಾನು."

"ಎಕ್ಸ್‌ರೇ ನೋಡಿದ ಮೇಲೆ ಡಾಕ್ಟರಮ್ಮ ಅದನ್ನ ಕೆಂಪಿಗೆ ಬದಲಾಯಿಸಿದ್ದಾರೆ."

ಮಾವನ ಕಣ್ಣಿಂದ ಭೂತಗನ್ನಡಿ ಜಾರಿ ಬಿತ್ತು. "ಅಯ್ಯೋ ನನ್ನ ಕರ್ಮವೇ! ಹಾಗಾದ್ರೆ ಇಲ್ಯಾಕೆ ನಿಂತಿದ್ದೀರಿ? ಮೊದಲು ತಗೊಂಡು ಓಡ್ರೀ!"

12.10ಕ್ಕೆ ಬಂಧನ. ಡ್ರಿಲ್ ಜಪ್ತಿ, ಮುಚ್ಚಳಿಕೆ ಬರೆಸಿಕೊಂಡು 12.45ಕ್ಕೆ ಡಾಕ್ಟರಮ್ಮನಿಗೆ ವಾಪಸ್. ಅವರು ಭೂತಗನ್ನಡಿ ಹಿಡಿದು ಅಂಚು ಪರೀಕ್ಷಿಸಿದರು. "ಮೆಷಿನ್ನಿಗೆ ಹಾಕಿದ್ರೆ ಮೊಂಡಾಗ್ತಿತ್ತು. ಕೈಯಲ್ಲೇ ತಿರುಗಿಸಿದ್ದಾರೆ, ಪುಣ್ಯಾತ್ಮರು." ತೊಳೆದು ಹಬೆಗಿಟ್ಟರು. ಮೂರಕ್ಕೆ ಸೊಸೆ ಕುರ್ಚಿ ಏರಿದಳು.

4.40ಕ್ಕೆ ಅವಳು ಠಾಣೆಯೊಳಗೆ ನುಗ್ಗಿದಳು. ಹಿಂದೆಯೇ ಡಾಕ್ಟರಮ್ಮ, ಜಾಮೀನಿಗೆ ಸಹಿ ಹಾಕಲು.

"ಏನ್ ಮಾವ ಇದು! ಜೈಲಿಗೆ ಹೋಗೋರು ಒಂದು ಮಾತು ಹೇಳಿ ಹೋಗಬಾರದಾ?"

"ಮೊದಲು ಹಲ್ಲು ತೋರಿಸು."

ಕೋಪದಲ್ಲೇ ತೋರಿಸಿದಳು. ಮಾವ ಕತ್ತು ವಾರೆ ಮಾಡಿ ನೋಡಿದರು. "ಹ್ಞೂಂ. ಒಳ್ಳೆ ಕೆಲಸ. ಈಗ ನಂದು ನೋಡು." ಠಾಣೆಗೂ ಬಿಡದೆ ಹೊತ್ತು ತಂದಿದ್ದ ಕ್ಲಾರಿನೆಟ್ ಅವಳ ಕೈಗಿಟ್ಟು, ಬಿರುಕಿನ ಕಥೆ ಹೇಳಿದರು.

ಸೊಸೆ ಬಿರುಕಿದ್ದ ಜಾಗದ ಮೇಲೆ ಬೆರಳಾಡಿಸಿದಳು. ಗುರುತೇ ಸಿಗಲಿಲ್ಲ. ತುಟಿಗಿಟ್ಟು ಮೆಲ್ಲಗೆ ಊದಿದಳು. ಒಂದೇ ಸ್ವರ, ಉದ್ದಕ್ಕೆ, ತುಂಬಿಕೊಂಡು, ಲಾಕಪ್ಪಿನವರೆಗೂ ಹೋಗಿ ಬಂತು. ಟೈಪ್ ಮಾಡುತ್ತಿದ್ದ ಕಾನ್‌ಸ್ಟೆಬಲ್ ಕೈ ನಿಲ್ಲಿಸಿದ. ಮಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ, 5.30ಕ್ಕೆ, ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: "ಉದ್ದೇಶ: ಮನೆಯ ಸ್ಟೂಲಿನ ಕಾಲು ಸಡಿಲವಾಗಿದೆ ಎಂದು ಸೊಸೆ ಆರೋಪಿಗೆ ಮೂರು ಸಲ ಹೇಳಿದ್ದಳು. ಊರವರ ಕುರ್ಚಿಗಳನ್ನೆಲ್ಲ ಸರಿಮಾಡುವ ಆರೋಪಿಯು ಮನೆಯದನ್ನು ನಾಳೆ ನಾಳೆ ಎಂದು ಮುಂದೂಡಿದ್ದರು. ಅವಳು ಬಿದ್ದದ್ದು ಅದೇ ಸ್ಟೂಲಿನಿಂದ."

ಸಹಿ ಹಾಕುವಾಗ ಏನೋ ವ್ಯತ್ಯಾಸವೆನಿಸಿತು. ಮೇಜು ಅಲುಗಲಿಲ್ಲ. ಬಗ್ಗಿ ನೋಡಿದರು. ಸುತ್ತೋಲೆ ಇರಲಿಲ್ಲ, ಕಾಲಿನ ಸಂದಿಯಲ್ಲಿ ಕರಿ ಮರದ ಪುಟ್ಟ ಗೂಟ ಹೊಳೆಯುತ್ತಿತ್ತು.

"ಇದಕ್ಕೂ ಪಂಚನಾಮೆ ಬರೀಲಾ ಸಾರ್?" ಹೆಡ್ ಕಾನ್‌ಸ್ಟೆಬಲಮ್ಮ ಕೇಳಿದಳು.

ಇನ್‌ಸ್ಪೆಕ್ಟರ್ ದವಡೆ ಸವರಿಕೊಂಡರು. "ಬೇಡ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರಮ್ಮನ ಹತ್ರ ನನ್ನ ಹೆಸರು ಬರೆಸು."