ಉಡಿ ತುಂಬುವಾಗ ನಕ್ಕವಳು

“ಆಕಿನ್ನ ಹೊರಗ ಕರೀಬ್ಯಾಡ್ರಿ... ಬೀಗರ ಮುಂದ ನಕ್ಕಳಂದ್ರ ನಮ್ಮ ಮಾನ ಉಳಿತೈತೇನು?”

ಅತ್ತೆ ಅನ್ನಮ್ಮನ ಈ ಮಾತು ಕೋಣೆಯೊಳಗೆ ಮಂಚದ ಮೇಲೆ ಕುಳಿತಿದ್ದ ಶೈಲಜಾಳಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಕೇಳಿಸಿದರೂ ಏನೂ ಅನ್ನಿಸಲಿಲ್ಲ. ಹೊರಗೆ ಮಗಳು ಭವಾನಿಯನ್ನು ಕನಕಗಿರಿಯ ಗಂಡನ ಮನೆಗೆ ಕಳಿಸುವ ತಯಾರಿ ನಡೆದಿತ್ತು.

ಎಂಟು ತಿಂಗಳ ಹಿಂದೆ ಲಕ್ವಾ ಹೊಡೆದು ಶೈಲಜಾಳ ಬಲಗೈ, ಮಾತು ಎರಡೂ ಹೋಗಿದ್ದವು. ಅದನ್ನಾದರೂ ಜನ ಸಹಿಸಿಕೊಂಡರು. ಆದರೆ ಅಳು ಬಂದಾಗಲೆಲ್ಲ ಆಕೆಯ ಬಾಯಿಂದ ನಗುವೇ ಹೊರಡುತ್ತಿತ್ತು! ಅದು ರೋಗದ ಗುಣ, ಆಕೆಯ ತಪ್ಪಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹಿಟ್ನಾಳದಲ್ಲಿ ತನ್ನ ತಮ್ಮನ ಹೆಣದ ಮುಂದೆ ಸೊಸೆ ಗಹಗಹಿಸಿ ನಕ್ಕಿದ್ದನ್ನು ಕಂಡ ಅನ್ನಮ್ಮನಿಗೆ ಡಾಕ್ಟರ ಮಾತು ತಲೆಗೆ ಹತ್ತಬೇಕಲ್ಲ! ಅಂದಿನಿಂದ ಶೈಲಜಾಳಿಗೆ ಈ ಕೋಣೆಯೇ ಗತಿ. ಬರಬರುತ್ತಾ ಓಣಿಯವರೂ ಮಾತಾಡಿಸುವುದನ್ನು ಬಿಟ್ಟರು. ಗಂಡ ದೇವೇಂದ್ರಪ್ಪ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಿದ್ದ, ತಾಯಿಗೆ ಮಾತ್ರ ಎದುರಾಡುತ್ತಿರಲಿಲ್ಲ. ಪುಣ್ಯಾತ್ಮ!

“ನಿನ್ನ ಸೋದರತ್ತಿ ಉಡಿ ತುಂಬ್ತಾಳ, ಕುಂಡ್ರು ಬಾರವಾ,” ಎಂದಳು ಅನ್ನಮ್ಮ.

“ಹಡದಾಕಿ ಒಳಗ ಅದಾಳಜ್ಜಿ. ಅವ್ವ ಉಡಿ ತುಂಬದ ನಾ ಹೊರಡೂದಿಲ್ಲ!”

ಭವಾನಿ ಅಕ್ಕಿಯ ತಾಟು ಎತ್ತಿಕೊಂಡು ಕೋಣೆಗೆ ಬಂದಳು. ತಾಯಿಯ ಮುಂದೆ ಕುಳಿತು ಸೆರಗು ಒಡ್ಡಿದಳು. ಬೀಗರೆಲ್ಲ ಬಾಗಿಲಿಗೆ ಬಂದು ನಿಂತರು. ಶೈಲಜಾ ಬೇಡ ಬೇಡವೆಂದು ತಲೆಯಾಡಿಸಿದಳು... ತನ್ನದೊಂದು ನಗುವಿನಿಂದ ಮಗಳ ಬಾಳು ಕೆಟ್ಟರೆ?

“ಎಡಗೈಲೇ ಹಾಕವ್ವಾ... ಐದು ಹಿಡಿ ಅಷ್ಟ.”

ಒಂದು ಹಿಡಿ ಬಿತ್ತು. ಎರಡು. ಮೂರನೆಯದಕ್ಕೆ ನಗು ಒತ್ತರಿಸಿ ಬಂತು... ತಡೆಯಲಾಗದ ದೊಡ್ಡ ನಗು! ಅನ್ನಮ್ಮ ಹಣೆ ಬಡಿದುಕೊಂಡಳು.

ಆಗ ಭವಾನಿಯೂ ನಕ್ಕಳು. ತಾಯಿಗಿಂತ ಜೋರಾಗಿ, ಕಣ್ಣಿಂದ ನೀರು ಸುರಿಯುವಷ್ಟು ನಕ್ಕಳು.

“ತಾಯಿ-ಮಗಳಿಗೆ ಎಷ್ಟು ಖುಷಿ ಆಗೇತಿ ನೋಡ್ರಿ! ಭಾಳ ಛಲೋ ಮಂದಿ,” ಎಂದು ಬೀಗಿತಿ ತಾನೂ ನಕ್ಕಳು. ಎಲ್ಲರೂ ನಕ್ಕರು. ಅನ್ನಮ್ಮನೂ ಉಪಾಯವಿಲ್ಲದೆ ಹಲ್ಲು ಕಿರಿದಳು.

ಉಳಿದೆರಡು ಹಿಡಿಯೂ ಬಿದ್ದವು. ಶೈಲಜಾ ಅಳುತ್ತಿದ್ದಾಳೆಂದು ಆ ನಗುವಿನ ನಡುವೆ ಅರಿತವಳು ಭವಾನಿ ಒಬ್ಬಳೇ. ಅವಳು ಸೆರಗಿನ ಅಕ್ಕಿಯನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಟುಹೋದಳು.