ಮೈಕಿಗೆ ಬಿದ್ದ ಸದ್ದು

"ಮೇಡಂ, ನಿಮ್ಮ ಎದೆಬಡಿತ ಮೈಕಿಗೆ ಬೀಳ್ತಿದೆ. ಸ್ವಲ್ಪ ಸುಧಾರಿಸ್ಕೊಳ್ತೀರಾ?"

ಧಾರಾವಾಹಿಯ ಸೆಟ್ಟಿಗೆ ಕಾಲಿಟ್ಟ ಮೊದಲ ದಿನವೇ, ಅಷ್ಟು ಜನರ ಮುಂದೆ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಹೀಗೆ ಹೇಳಿದರೆ ಯಾರಿಗೆ ತಾನೇ ಭೂಮಿ ಬಾಯಿ ಬಿಡಬಾರದೇ ಅನಿಸುವುದಿಲ್ಲ, ನೀವೇ ಹೇಳಿ? ಚಿನಕುರಳಿಯ ಮುಖ ಕೆಂಪಾಯಿತು.

ಅವನು ಸೌಂಡ್‌ನವನು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ತುದಿಗೆ ಮೈಕ್ ಕಟ್ಟಿದ ಉದ್ದನೆಯ ಕೋಲು. ಅವಳ ಕಾಲರಿನ ಒಳಗಿದ್ದ ಪುಟ್ಟ ಮೈಕನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಸಿಕ್ಕಿಸಿದ. ಅವನ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ...

"ಹೊಡ್ಕೊಳ್ತಿದೆ ತಾನೇ? ನಿಂತಿದ್ರೆ ಹೇಳಿ, ಮನೆಯವ್ರಿಗೆ ಫೋನ್ ಮಾಡ್ಬೇಕು," ಎಂದಳು.

ಅವನು ನಗಲಿಲ್ಲ. ತುಟಿ ಬಿಗಿದುಕೊಂಡು, ನೆಲ ನೋಡುತ್ತಾ ಹೊರಟುಹೋದ.

'ಬಂಡೆ!' ಅಂದುಕೊಂಡಳು. ಅಂದಿನಿಂದ ಅವಳ ಮನಸ್ಸಿನಲ್ಲಿ ಅವನಿಗೆ ಅದೇ ಹೆಸರು.

ಚಿನಕುರಳಿ ಅನ್ನುವುದು ಅವಳ ಸ್ಟೇಜ್ ಹೆಸರು. ಒಬ್ಬಳೇ ಮೈಕ್ ಹಿಡಿದು ನಿಂತು ಹಾಲ್ ತುಂಬಾ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು. ಒಂದು ಸಂಜೆ ಮಾತ್ರ ಮಾತು ಮರೆತೇಹೋಯಿತು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಸುಮ್ಮನೆ ನೋಡುತ್ತಾ ಕೂತರು. ಆ ಮೌನ ತಡೆಯಲಾರದೆ ಅರ್ಧಕ್ಕೇ ಇಳಿದು ಬಂದಳು, ಮತ್ತೆ ಸ್ಟೇಜ್ ಹತ್ತಲಿಲ್ಲ. ಧಾರಾವಾಹಿಯಲ್ಲಿ ನಾಯಕಿಯ ಬಾಯಿಬಡುಕಿ ನಾದಿನಿಯ ಪಾತ್ರ ಸಿಕ್ಕಾಗ ಹೋದ ಜೀವ ಬಂದಂತಾಗಿತ್ತು. ಇಲ್ಲಿ ಬರೆದ ಮಾತಿದೆ, ತಪ್ಪಿದರೆ ರೀಟೇಕ್ ಇದೆ. ಇದೂ ಕೈತಪ್ಪಿದರೆ ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಆದರೆ ಪಾಪ, ಅವಳಿಗೆ ಒಂದು ವಿಷಯ ಹೊಳೆದಿರಲಿಲ್ಲ. ಕ್ಯಾಮೆರಾ ಓಡುವಾಗ ಸೆಟ್ಟಿನಲ್ಲಿ ಯಾರೂ ಕೆಮ್ಮುವಂತಿಲ್ಲ, ನಗುವುದಂತೂ ದೂರದ ಮಾತು. ಅವಳೋ ಸ್ಟೇಜಿನ ಅಭ್ಯಾಸ ಬಿಡದೆ, ಪ್ರತಿ ಮಾತಿನ ಕೊನೆಗೂ ನಗುವಿಗಾಗಿ ಒಂದು ಕ್ಷಣ ಕಾಯುತ್ತಿದ್ದಳು. ಆ ಒಂದು ಕ್ಷಣದಲ್ಲಿ ಅದೇ ಸಂಜೆಯ ಮೌನ ಮತ್ತೆ ಎದುರು ಬಂದು ನಿಲ್ಲುತ್ತಿತ್ತು.

ಸಾಲದ್ದಕ್ಕೆ ಆ ಬಂಡೆ! ಅವಳ ಟೇಕ್ ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ ಅವನ ಕೈ ಮೇಲೇಳುತ್ತಿತ್ತು.

"ಸಾರ್, ಸೌಂಡ್ ಸರಿ ಇಲ್ಲ. ಇನ್ನೊಂದು ಹೋಗೋಣ."

ಮೈಕಿಗೆ ಬಿದ್ದದ್ದು ಕೇಳುವುದು ಅವನೊಬ್ಬನ ಕಿವಿಗೆ. ಅವನು ಹೇಳಿದ್ದೇ ವೇದವಾಕ್ಯ. ಇನ್ನೊಂದು, ಮತ್ತೊಂದು... ನಿರ್ದೇಶಕರ ಹಣೆ ಗಂಟಾಗುತ್ತಿತ್ತು. "ಏನಮ್ಮಾ, ನಿನ್ನ ಸೀನಿಗೆ ಮಾತ್ರ ಯಾಕೆ ಹೀಗಾಗುತ್ತೆ?"

ರಾತ್ರಿ ಕಣ್ಣು ಮುಚ್ಚಿದರೂ ಅವಳಿಗೆ ಮೇಲೆದ್ದ ಆ ಕೈಯೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮೇಕಪ್ ಅಕ್ಕ ಅವಳ ಕೆನ್ನೆಗೆ ಪೌಡರ್ ಹಚ್ಚುತ್ತಾ ದನಿ ತಗ್ಗಿಸಿದಳು. "ನಾನು ಹೇಳ್ದೆ ಅನ್ಬೇಡ ಕಣೇ. ಇವತ್ತಿನ ಸೀನಲ್ಲಿ ನಾದಿನಿ ಬಸ್ ಹತ್ತಿ ಬೇರೆ ಊರಿಗೆ ಹೋಗ್ತಾಳಂತೆ."

ಧಾರಾವಾಹಿಯಲ್ಲಿ ಬಸ್ ಹತ್ತಿದವರು ಮತ್ತೆ ಇಳಿಯುವುದಿಲ್ಲ ಅನ್ನುವುದು ಸೆಟ್ಟಿನ ಗೋಡೆಗಳಿಗೂ ಗೊತ್ತು.

'ಅಮ್ಮನಿಗೆ ಏನಂತ ಹೇಳಲಿ? ಅಕ್ಕಪಕ್ಕದವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸ್ಕೊಳ್ತಾಳೆ... ಇನ್ನೆಲ್ಲಿಗೆ ಹೋಗಲಿ ನಾನು?'

ಅರ್ಧ ಮೇಕಪ್‌ನಲ್ಲೇ ಎದ್ದು ಸೌಂಡ್ ರೂಮಿನ ಬಾಗಿಲು ತಳ್ಳಿದಳು. ಅವನೊಬ್ಬನೇ ಕೂತಿದ್ದ.

"ನಾನು ನಿಮಗೇನು ಮಾಡಿದೀನಿ? ಯಾಕೆ ನನ್ನ ಹೊಟ್ಟೆ ಮೇಲೆ ಹೊಡೀತಿದೀರಾ? ಇವತ್ತು ನನ್ನನ್ನ ಬಸ್ ಹತ್ತಿಸ್ತಿದಾರೆ. ಖುಷಿನಾ?"

ಅವನ ಮುಖ ಬಿಳಿಚಿಕೊಂಡಿತು. ಹೆಡ್‌ಫೋನ್ ತೆಗೆದು ಅವಳ ಮುಂದೆ ಹಿಡಿದ.

ಅದರಲ್ಲಿ ಏನಿದೆಯೋ ಎಂಬ ಭಯದಲ್ಲೇ ಅವಳು ಕಿವಿಗಿಟ್ಟುಕೊಂಡಳು. ಅವಳದೇ ದನಿ, ಅವಳದೇ ಮಾತು. ಮಾತಿನ ಕೊನೆಗೆ ಅವಳು ಕಾಯುತ್ತಿದ್ದ ಆ ಒಂದು ಕ್ಷಣ. ಆ ಕ್ಷಣದಲ್ಲಿ, ಮೈಕಿನ ಹಿಂದಿನಿಂದ, ತಡೆದೂ ತಡೆಯಲಾಗದೆ ಮೂಗಿನಿಂದ ಜಾರಿದ ನಗು. ಇನ್ನೊಂದು ಟೇಕ್ ಹಾಕಿದ. ಅದರಲ್ಲೂ ಅದೇ.

"ಯಾರಿದು?"

"ನಾನು."

ಅವಳು ಹೆಡ್‌ಫೋನ್ ಕಿವಿಯಿಂದ ಇಳಿಸಿದಳು.

"ಎಷ್ಟು ತುಟಿ ಕಚ್ಚಿದ್ರೂ ತಡ್ಕೊಳ್ಳೋಕಾಗಲ್ಲ," ಎಂದ ತಲೆ ತಗ್ಗಿಸಿ. "ನೀವು ಮಾತು ಮುಗಿಸಿ ನಿಲ್ತೀರಲ್ಲ, ಸರಿಯಾಗಿ ಅಲ್ಲೇ ಬಂದ್ಬಿಡುತ್ತೆ. ಸೌಂಡ್‌ನವನೇ ಸೌಂಡ್ ಮಾಡ್ದ ಅಂತ ಗೊತ್ತಾದ್ರೆ ಯಾವ ಸೆಟ್ಟಲ್ಲೂ ನನ್ನ ಸೇರಿಸಲ್ಲ. ಹೆದರ್ಕೊಂಡೆ."

ಖುಷಿಪಡಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯದ ಸ್ಥಿತಿ ಅವಳದು. ಕೊನೆಗೆ ಸಿಟ್ಟೇ ಗೆದ್ದಿತು. "ನೀವು ಹೆದರ್ಕೊಂಡ್ರಿ, ಪೆಟ್ಟು ನಾನು ತಿಂದೆ. ಚೆನ್ನಾಗಿದೆ," ಎಂದು ಹೊರನಡೆದಳು. ಕಣ್ಣೀರಿಗೆ ಹಚ್ಚಿದ್ದ ಅರ್ಧ ಮೇಕಪ್ಪೂ ಹೋಯಿತು.

ಸೀನ್ ಸಿದ್ಧವಾಯಿತು. ಕೈಯಲ್ಲಿ ಖಾಲಿ ಸೂಟ್‌ಕೇಸ್ ಹಿಡಿದು ಅವಳು ಬಾಗಿಲ ಬಳಿ ನಿಂತಳು. ಈ ಬಾಗಿಲು ದಾಟಿದರೆ ಮುಗಿಯಿತು. ನಿರ್ದೇಶಕರು "ಆ್ಯಕ್ಷನ್" ಅನ್ನಲು ಬಾಯಿ ತೆರೆದರು.

"ಸಾರ್, ಒಂದ್ ನಿಮಿಷ."

ಅದೇ ಕೈ ಮೇಲೆದ್ದಿತ್ತು.

"ಇವರ ಟೇಕ್‌ಗಳು ಹಾಳಾಗಿದ್ದು ಇವರಿಂದ ಅಲ್ಲ ಸಾರ್. ನನ್ನಿಂದ."

ಯಾರೂ ಏನೂ ಕೇಳುವ ಮೊದಲೇ ಅವನು ಸ್ಪೀಕರ್ ಹಾಕಿಬಿಟ್ಟ. ಅವಳ ಮಾತು, ಅವನ ಮೂಗಿನ ನಗು. ಮತ್ತೊಂದು ಮಾತು, ಮತ್ತೆ ಅದೇ ನಗು. ಮೊದಲು ಕ್ಯಾಮೆರಾದವನು ಕಿಸಕ್ಕೆಂದ. ಮೇಕಪ್ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಇಷ್ಟು ದಿನ ಎಲ್ಲರೂ ಬಿಗಿಹಿಡಿದಿದ್ದ ನಗು ಒಮ್ಮೆಗೇ ಕಟ್ಟೆಯೊಡೆಯಿತು.

ನಿರ್ದೇಶಕರು ಮಾತ್ರ ನಗಲಿಲ್ಲ. ಅವನನ್ನೇ ನೋಡಿದರು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಇಷ್ಟು ಹೊತ್ತು ತನಗಾಗಿ ಹೆದರಿದ್ದ ಚಿನಕುರಳಿ ಈಗ ಅವನಿಗಾಗಿ ಹೆದರಿದಳು.

"ಕೋಲು ನಿನ್ನ ಅಸಿಸ್ಟೆಂಟ್ ಕೈಗೆ ಕೊಡು," ಎಂದರು ನಿರ್ದೇಶಕರು. "ಇವಳ ಸೀನ್ ನಡೆಯುವಾಗ ನೀನು ಈ ಹೊಸ್ತಿಲು ತುಳೀಬಾರ್ದು. ಸೀನ್ ಮುಗಿದ್ಮೇಲೆ ಬಂದು ನಿನ್ನ ಕೆಲಸ ನೋಡ್ಕೋ." ಆಮೇಲೆ ಬರಹಗಾರನತ್ತ ತಿರುಗಿದರು. "ನಾದಿನಿಗೆ ಬಸ್ ತಪ್ಪಿಹೋಯ್ತು ಅಂತ ಬರಿ."

ಸಂಜೆ ಪ್ಯಾಕಪ್ ಆದಮೇಲೆ ಅವಳು ಹೊರಬಂದಳು. ಕಾರಿಡಾರಿನ ಬೆಂಚಿನ ಮೇಲೆ ಅವನು ಒಬ್ಬನೇ ಕೂತಿದ್ದ. ಸ್ವಲ್ಪ ದೂರ ಬಿಟ್ಟು ಕೂತಳು.

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಹೊರಗೆ ಹಾಕಿದ್ರಲ್ಲ, ಬೇಜಾರಾಯ್ತಾ?"

"ಇಲ್ಲ. ಬಾಗಿಲ ಸಂದಿಯಿಂದ ಕೇಳಿಸುತ್ತೆ. ಇಲ್ಲಿ ಆರಾಮಾಗಿ ನಗಬಹುದು." ನೆಲ ನೋಡುತ್ತಲೇ ಹೇಳಿದ. "ನೀವಂದ್ರೆ ನಂಗೆ ತುಂಬಾ ಇಷ್ಟ. ಅದನ್ನ ಹೇಳೋಕೂ ಹೆದರ್ತಾನೇ ಇದ್ದೆ."

ಬಾಯಿಬಡುಕಿ ಮಾತಾಡುವ ಬದಲು ಬೆಂಚಿನ ಮೇಲೆ ಅವನತ್ತ ಸರಿದಳು.

"ಏನಾದ್ರೂ ಹೇಳಿ... ಭಯ ಆಗ್ತಿದೆ," ಎಂದ.

"ನಂಗೂ ಆಗ್ತಿದೆ," ಎಂದಳು ಮೆಲ್ಲಗೆ. "ಅದಕ್ಕೇ ಅಲ್ವಾ ನಿಮ್ಮ ಕೈ ಹಿಡ್ಕೊಂಡಿರೋದು?"

ಅವನು ಆಗ ತಿರುಗಿ ನೋಡಿದ. ಹೌದು, ಹಿಡಿದುಕೊಂಡಿದ್ದಳು.